ಭಟ್ಟಿ ತೆಗೆಯುವ ಮುಂಚಿನ ಹಣ

ನಾನು ಚಾಚಿದ ನೋಟುಗಳನ್ನು ನೋಡಿ ಆ ಹೆಂಗಸು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಹಣ ಕಂಡು ಹಿಂದೆ ಸರಿದ ವ್ಯಾಪಾರಸ್ಥರನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಒಳಗ ಇಟ್ಕೋರಿ ಅಕ್ಕಾರ. ಭಟ್ಟಿ ಇನ್ನಾ ತಗದಿಲ್ಲ."

ಭಟ್ಟಿ ಅಂದರೆ ಮಡಕೆ ಸುಡುವ ಗೂಡು, ತೆಗೆಯುವುದು ಅಂದರೆ ಅದು ತಣಿದ ಮೇಲೆ ಬಿಚ್ಚಿ ಮಡಕೆ ಹೊರಗಿಡುವುದು. ಖಾನಾಪುರ ದಾಟಿ ಸ್ವಲ್ಪ ದೂರದ ಕುಂಬಾರರ ಅಂಗಳ ಅದು. ಹಿಂದೆ ಭಟ್ಟಿ ಹೊಗೆಯಾಡುತ್ತಿತ್ತು, ಅದರೊಳಗೆ ನಾನು ಹೇಳಿ ಮಾಡಿಸಿದ ಹನ್ನೆರಡು ಮಡಕೆಗಳಿದ್ದವು.

"ಅಡ್ವಾನ್ಸ್ ಅಂತ ಇಟ್ಕೊಳಿ," ಅಂದೆ.

"ಯಾದರ ಸಲುವಾಗಿ?"

"ಮಡಕೆಗೆ."

"ಯಾವ ಗಡಗಿ? ಅವು ಇನ್ನಾ ಹುಟ್ಟೇ ಇಲ್ಲಲ್ರಿ."

ಹೆಸರು ಕಲ್ಲವ್ವ, ವಯಸ್ಸು ಅರವತ್ತರ ಆಸುಪಾಸು. ಚಕ್ರದ ಮುಂದೆ ಕೂರುವುದು ಅವರ ಮೈದುನ. ತಟ್ಟುವುದು, ಸುಡುವುದು, ಮಾರುವುದು ಕಲ್ಲವ್ವ.

ಭಟ್ಟಿ ಹೊಗೆಯಾಡುತ್ತಿತ್ತು ಎಂದು ಬರೆದೆನಲ್ಲ, ಅದು ನಿಜವಿರಲಾರದು. ಬೆಂಕಿ ಇಳಿದು ತಣಿಯುತ್ತಿರುವ ಭಟ್ಟಿಯಲ್ಲಿ ಹೊಗೆ ಇರುವುದಿಲ್ಲ ಎಂಬುದು ಈಗ ನನಗೆ ಗೊತ್ತು. ಬೇರೆ ಯಾವುದೋ ದಿನದ ಹೊಗೆಯನ್ನು ತಂದು ಆ ದಿನದ ಹಿಂದೆ ನಿಲ್ಲಿಸಿದ್ದೇನೆ. ಹಣ ವಾಪಸ್ ಪರ್ಸಿಗೆ ಹೋದದ್ದು ಮಾತ್ರ ಖಚಿತ.

ನಾನು ಮುಳಬಾಗಿಲಿನವಳು. ನಮ್ಮ ಕಡೆ ಟೊಮೆಟೊ ಗಿಡ ಹೂ ಬಿಡುವ ಮೊದಲೇ ಮಂಡಿಯವರು ಮನೆಗೆ ಬಂದು ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಮದುವೆಯ ಅಡುಗೆಯವರಿಗೆ, ಓಲಗದವರಿಗೆ, ರವಿಕೆ ಹೊಲಿಯುವವಳಿಗೆ ಮೊದಲು ಒಂದಿಷ್ಟು ಕೈಗೆ ಹಾಕಬೇಕು. ಹಾಕಿದರೆ ನಾವು ಅವರ ಪೈಕಿ, ಹಾಕದಿದ್ದರೆ ದಾರಿಹೋಕರು. ಅಡ್ವಾನ್ಸ್ ಬೇಡ ಅಂದರೆ ನಿನ್ನ ಸಹವಾಸವೇ ಬೇಡ ಅಂದ ಹಾಗೆ. ಕಲ್ಲವ್ವ ಕೈ ಎಳೆದುಕೊಂಡಾಗ ನನಗೆ ಕೇಳಿಸಿದ್ದು ಅದು.

ಬೆಳಗಾವಿಗೆ ನಾವು ಬಂದದ್ದು ನನ್ನ ಗಂಡನಿಗೆ ಆಟೋ ನಗರದ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು. ಮಹಾಂತೇಶ ನಗರದಲ್ಲಿ ಮನೆ ನೋಡಲು ಹೋದಾಗ ನಮ್ಮ ಕಡೆಯ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿಗೆಂದು ಹೊಂದಿಸಿಕೊಂಡಿದ್ದೆವು. ಮಾಲೀಕರು ಬಸಲಿಂಗಪ್ಪ ಕಾಕಾ, ಸಹಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್ ಆಗಿ ನಿವೃತ್ತರಾದವರು. ಮೊತ್ತ ಕೇಳಿ ಕನ್ನಡಕ ತೆಗೆದು ನಮ್ಮನ್ನು ನೋಡಿದರು.

"ಹತ್ತ ತಿಂಗಳದ್ದ ಕೊಟ್ರ ಮನಿ ನಿಮ್ಮದ ಆಗ್ತೈತಿ. ಆಮ್ಯಾಲ ನಾ ಎಲ್ಲಿ ಬಾಡಿಗಿ ಹಿಡೀಲವಾ ತಂಗಿ?"

ಎರಡು ತಿಂಗಳದ್ದು ಸಾಕಾಯಿತು. ಉಳಿದ ಹಣವೇ ಮುಂದೆ ನನ್ನ ವ್ಯಾಪಾರದ ಬಂಡವಾಳವಾಯಿತು.

ಮುಳಬಾಗಿಲಿನಲ್ಲಿ ನಾವು ಒಂದು ಮಾತನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತೇವೆ. ಖಾನಾಪುರದ ಬಸ್ಸಿನಲ್ಲಿ ಜನ ಕನ್ನಡದಲ್ಲಿ ಹತ್ತಿ ಮರಾಠಿಯಲ್ಲಿ ಇಳಿಯುತ್ತಾರೆ. ಹತ್ತುವ ಜಾಗ ನನಗೆ ಗೊತ್ತು, ಇಳಿಯುವ ಜಾಗ ಗೊತ್ತಿಲ್ಲ. ನನ್ನ ಕನ್ನಡ ಕೇಳಿದ ತರಕಾರಿಯವಳು "ಬೆಂಗಳೂರವರೇನ್ರಿ?" ಅಂದಳು. ಮುಳಬಾಗಿಲು ಅಂದರೆ, "ಅದ ಆಂಧ್ರದಾಗ ಬರ್ತೈತೇನು?" ಆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹತ್ತು ಮಾತು ಆಡಿದ್ದರೆ ಹೆಚ್ಚು. ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಅಕ್ಕ ಪಾರ್ಸೆಲ್ ಮಾಡುತ್ತಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ತೊಳಸೋಣವೆಂದರೆ ಸಾಮಾನಿನ ಡಬ್ಬಗಳ ಜೊತೆ ಬಂದ ನಮ್ಮ ಮಡಕೆ ದಾರಿಯಲ್ಲೇ ಒಡೆದಿತ್ತು. ದಪ್ಪ ತಳದ ಇನ್ನೊಂದು ಮಡಕೆ ಹುಡುಕಿಕೊಂಡೇ ನಾನು ಮೊದಲ ಸಲ ಖಾನಾಪುರದ ಬಸ್ಸು ಹತ್ತಿದ್ದು.

ಕಲ್ಲವ್ವನ ಅಂಗಳದಲ್ಲಿ ಸಿಕ್ಕ ಮಡಕೆಯ ಚಿತ್ರವನ್ನು ಫೋನಿನಲ್ಲಿ ಹಾಕಿದೆ. ತುಮಕೂರಿನ ಗೆಳತಿ ತನಗೊಂದು ಅಂದಳು, ಅವಳ ನಾದಿನಿ ಎರಡು ಅಂದಳು. ಹಣ ಭಟ್ಟಿ ತೆಗೆದ ಮೇಲೆ ಕೊಟ್ಟರಾಯಿತು ಎಂದು ಕೆಲವರ ಹೆಸರು ಬರೆದುಕೊಂಡೆ. ಅಷ್ಟರಲ್ಲಿ ಅರ್ಧ ಜನ ಮರೆತರು, ಆರು ಮಡಕೆ ನನ್ನ ಮನೆಯ ಅಟ್ಟ ಸೇರಿದವು. ಅಂಗಳದಲ್ಲಿ ಬಂದು ನಿಲ್ಲುವ ಗಿರಾಕಿಗೆ ಮಾತು ಸಾಕು. ಮುಖ ಕಾಣದ ಗಿರಾಕಿಗೆ ಮಾತಿನ ಜೊತೆ ಇನ್ನೇನೋ ಬೇಕು. ಅದಕ್ಕೆ ಒಂದು ಜಾಲತಾಣ ಮಾಡಿಸಿದೆ, ಒಂದು ಪೇಮೆಂಟ್ ಗೇಟ್‌ವೇ ಹಿಡಿದೆ. ಗೇಟ್‌ವೇ ಅಂದರೆ ಗಿರಾಕಿಯ ಕಾರ್ಡಿನಿಂದ ಹಣ ತಂದು ನಮ್ಮ ಖಾತೆಗೆ ಹಾಕುವ ನಡುವಿನ ಕಂಪನಿ. ತಂದುಕೊಟ್ಟದ್ದಕ್ಕೆ ನೂರಕ್ಕೆ ಇಷ್ಟು ಎಂದು ಮುರಿದುಕೊಳ್ಳುತ್ತದೆ.

ಹಾಗೆ ನೋಡಿದರೆ ಅದನ್ನು ನಾನು ಆರಿಸಲಿಲ್ಲ. "ಮರುದಿನವೇ ಹಣ ನಿಮ್ಮ ಖಾತೆಗೆ" ಎಂದು ಬರೆದುಕೊಂಡಿತ್ತು, ಒಂದೇ ಮಧ್ಯಾಹ್ನದಲ್ಲಿ ಅರ್ಜಿ ತುಂಬಿದೆ. ವಸ್ತು ಹಿಂತಿರುಗಿಸುವ ನಿಯಮಗಳ ಪುಟ ಬೇಕು ಅಂದರು. ಯಾವುದೋ ಬಟ್ಟೆ ಅಂಗಡಿಯ ಪುಟವನ್ನು ಎತ್ತಿ ಹಾಕಿದೆ. "ಒಮ್ಮೆ ಒಗೆದ ವಸ್ತುವನ್ನು ಹಿಂಪಡೆಯುವುದಿಲ್ಲ" ಎಂಬ ಸಾಲು ಮಡಕೆಗಳ ಕೆಳಗೆ ಬಹಳ ದಿನ ಹಾಗೇ ಇತ್ತು, ಕಂಪನಿಯವರೂ ಓದಲಿಲ್ಲ, ಗಿರಾಕಿಗಳೂ ಓದಲಿಲ್ಲ.

ಕಲ್ಲವ್ವನಿಗೆ ನಾನು ಹೇಳದೆ ಬಿಟ್ಟದ್ದು ಇಷ್ಟೇ: ಜನ ಜಾಲತಾಣದಲ್ಲಿ ಗುಂಡಿ ಒತ್ತಿದ ಕ್ಷಣ ಹಣ ಬರುತ್ತದೆ. ಜೇಡಿಮಣ್ಣು ತುಳಿಯುವ ಮೊದಲೇ ಬಂದಿರುತ್ತದೆ. ಕಲ್ಲವ್ವನಿಗೆ ಮಾತ್ರ ಅವರ ಪದ್ಧತಿಯಂತೆ ಭಟ್ಟಿ ತೆಗೆದ ದಿನ, ಮಡಕೆಗಳನ್ನು ಒಂದೊಂದೇ ಬಾರಿಸಿ ನೋಡಿದ ಮೇಲೆ ಕೊಡುತ್ತಿದ್ದೆ. ಅವರ ಪದ್ಧತಿಗೆ ನಾನು ತಪ್ಪಲಿಲ್ಲವೆಂದೇ ಅಂದುಕೊಂಡಿದ್ದೆ.

ಆ ಒಂದು ಮಡಕೆಯ ಬಿರುಕನ್ನು ನಾನು ಗಮನಿಸಿರಲಿಲ್ಲ.

ಈ ವಾಕ್ಯವನ್ನು ಮೊದಲು ಹೀಗೆ ಬರೆದು ಮುಂದಕ್ಕೆ ಹೋಗಿದ್ದೆ. ಮುಂದಿನ ಎಲ್ಲವೂ ಸಲೀಸಾಗಿ ಬಂತು, ಅದರಿಂದಲೇ ಅನುಮಾನವಾಯಿತು. ಗಮನಿಸಿದ್ದೆ. ಕಂಠದ ಕೆಳಗೆ, ಕೂದಲೆಳೆಯಷ್ಟು. ಭಟ್ಟಿಯಿಂದ ತೆಗೆದ ಕೂಡಲೇ ಕಲ್ಲವ್ವ ಅದನ್ನು ಬಾರಿಸಿ ಎಡಗಡೆ ಇಟ್ಟಿದ್ದರು. ಎಡಗಡೆ ಅಂದರೆ ಮಾರುವುದಲ್ಲ, ಒಡೆದು ಮಣ್ಣಿಗೆ ಸೇರಿಸುವುದು. ಆ ಸಲ ನನಗೆ ಒಂದು ಮಡಕೆ ಕಮ್ಮಿ ಬಿದ್ದಿತ್ತು. ಹಣ ಬಂದಾಗಿತ್ತು. ವಾಪಸ್ ಕೊಟ್ಟರೆ ಕಂಪನಿ ತಾನು ಮುರಿದುಕೊಂಡದ್ದನ್ನು ಕೊಡುವುದಿಲ್ಲ, ಜೊತೆಗೆ ವಾಪಸಾತಿ ಹೆಚ್ಚಾದರೆ ಖಾತೆ ತಡೆಹಿಡಿಯುತ್ತೇವೆ ಎಂದು ಒಂದು ಪತ್ರವನ್ನೂ ಕಳಿಸಿತ್ತು.

"ಇದನ್ನ ನಾನು ತಗೊಂಡು ಹೋಗ್ಲಾ? ನಮ್ಮ ಅಡುಗೆಮನೆಗೆ," ಅಂದೆ.

"ಒಯ್ರಿ. ಉಪ್ಪ ಹಾಕಿಡಾಕ ಬರ್ತೈತಿ," ಅಂದರು ಕಲ್ಲವ್ವ. ದುಡ್ಡು ತೆಗೆದುಕೊಳ್ಳಲಿಲ್ಲ.

ಆಗ ನಾನು ಸುಳ್ಳು ಹೇಳಿದೆನೋ, ಮನೆಗೆ ಬಂದ ಮೇಲೆ ಅದು ಸುಳ್ಳಾಯಿತೋ, ಬಿಡಿಸಿ ನೋಡುವುದರಿಂದ ನನಗೆ ಮಾತ್ರ ಲಾಭ. ಡಬ್ಬದಲ್ಲಿ ಹುಲ್ಲು ತುಂಬಿ ಕೊರಿಯರಿಗೆ ಕೊಟ್ಟದ್ದು ಆ ಮಡಕೆಯನ್ನೇ.

ಡಬ್ಬ ಹೋದದ್ದು ಬೆಳಗಾವಿಯದೇ ಬಡಾವಣೆಯಾದ ವಡಗಾವಿಗೆ, ನೇಕಾರರ ಮನೆಯೊಂದಕ್ಕೆ. ಆ ಮನೆಯ ಹೆಂಗಸು ವಾರದ ಮೇಲೆ ಮಡಕೆಯನ್ನು ಕೈಚೀಲದಲ್ಲಿ ಹಾಕಿಕೊಂಡು ನೇರ ಕಲ್ಲವ್ವನ ಅಂಗಳಕ್ಕೆ ಬಂದರು. ಡಬ್ಬದ ಮೇಲೆ ಮಾಡಿದವರ ಹೆಸರು, ಊರು ಹಾಕಿಸಿದ್ದು ನಾನೇ, ಹೆಮ್ಮೆಗೆ. ಆ ಹೊತ್ತಿಗೆ ನಾನೂ ಅಲ್ಲೇ ಇದ್ದೆ. ಇಬ್ಬರೂ ಮರಾಠಿಯಲ್ಲಿ ಮಾತಾಡಿದರು. ಒಂದು ಪದವೂ ತಿಳಿಯಲಿಲ್ಲ, ಆದರೆ ಕಲ್ಲವ್ವ ಮಡಕೆಯನ್ನು ಅಂಗೈ ಮೇಲೆ ಕೂರಿಸಿ, ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಯನ್ನು ಹತ್ತಿರ ತಂದರು. ಒಳ್ಳೆಯ ಮಡಕೆ ಬಾರಿಸಿದರೆ ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇದು ಕದ ತಟ್ಟಿದಂತೆ ಸದ್ದು ಮಾಡಿ ಸುಮ್ಮನಾಯಿತು.

"ಇದ ನಿಮ್ಮ ಅಡಗಿಮನಿಗೆ ಅಂತ ಒಯ್ದದ್ದಲ್ರಿ?" ಈಗ ಕನ್ನಡ, ನನಗೆ.

"ಹೌದು."

"ಈಕಿ ರೊಕ್ಕ ಕೊಟ್ಟು ಮೂರ ವಾರ ಆತಂತ. ಖರೇ ಏನು?"

"ಆನ್‌ಲೈನ್‌ನಲ್ಲಿ ಎಲ್ಲರೂ ಮೊದಲೇ ಕೊಡ್ತಾರೆ."

"ಅಂದ್ರ ಭಟ್ಟಿ ಹಚ್ಚೂ ಮೊದಲ ಇಷ್ಟೂ ಮಂದಿ ರೊಕ್ಕ ನಿಮ್ಮ ಕಡೆ ಇತ್ತು."

"ಇತ್ತು."

"ಮಂದಿ ರೊಕ್ಕದ ಮ್ಯಾಲ ನನ್ನ ಕಡಿಂದ ಬೆಂಕಿ ಹಚ್ಚಿಸಿದ್ರಿ."

ದನಿ ಏರಿಸಲಿಲ್ಲ. ಗಟ್ಟಿ ಮಡಕೆಯೊಂದನ್ನು ಆರಿಸಿ, ಬಾರಿಸಿ ಕೇಳಿಸಿ, ವಡಗಾವಿಯವರ ಚೀಲಕ್ಕೆ ಹಾಕಿದರು. ಏನಾದರೂ ಮಾತಾಡಬೇಕೆಂದು ನಾನು ಆಕೆಯನ್ನು ಕೇಳಿದೆ, ಇಷ್ಟು ಹತ್ತಿರದಲ್ಲಿದ್ದು ಜಾಲತಾಣದಲ್ಲಿ ಯಾಕೆ ತರಿಸಿದಿರಿ ಎಂದು.

"ಬಸ್ಸಿನ್ಯಾಗ ತಂದ್ರ ಒಡೀತೈತಿ ಅಂತ್ರಿ," ಅಂದರು. ಕಲ್ಲವ್ವ ಕೂಡ ನಕ್ಕರು. ನಗು ನನ್ನವರೆಗೆ ಬರಲಿಲ್ಲ.

ಆಕೆ ಹೋದ ಮೇಲೆ ಕಲ್ಲವ್ವ ಹೇಳಿದ್ದು ನನಗೆ ಮಾತು ಮಾತಾಗಿ ನೆನಪಿದೆ, ಅಥವಾ ಇಷ್ಟು ಸಲ ನೆನೆದು ಮಾತು ಮಾತಾಗಿ ಜೋಡಿಸಿಕೊಂಡಿದ್ದೇನೆ. "ರೊಕ್ಕ ಮೊದಲ ಬಂದ್ರ ಬಿರಕ ಕಾಣಂಗಿಲ್ರಿ. ಕಣ್ಣ ಕೆಟ್ಟಿರ್ತಾವಂತಲ್ಲ, ಕಾಣಂಗಿಲ್ಲ ಅಷ್ಟ. ನಾನೂ ಒಮ್ಮಿ ಮೇಣ, ಬೂದಿ ಕಲಸಿ ಬಿರಕಿಗೆ ತುಂಬಿ ಮಾರೀನಿ. ಆಗ ನಮ್ಮ ಅತ್ತಿ ಭಟ್ಟಿ ತಗದ ಮ್ಯಾಲ ರೊಕ್ಕ ಅನ್ನೂ ರೀತಿ ಹಾಕಿಕೊಟ್ಲು. ಇನ್ನ ಮ್ಯಾಲ ನಿಮ್ಮ ಗಡಗಿ ಬ್ಯಾರೆ ಕಡೆ ನೋಡ್ಕೋರಿ."

ಬೇರೆ ಕಡೆ ಇದ್ದವು. ಅದೇ ಓಣಿಯಲ್ಲೇ ಇದ್ದವು. ನನ್ನ ಗಂಡ ಅದನ್ನೇ ಹೇಳಿದ. ಆದರೆ ಈ ಊರಿನಲ್ಲಿ ಗಂಡನ ಕೆಲಸದಿಂದಾಗಿ ಬಂದವಳು ಎಂದಲ್ಲದೆ ನಾನೇ ದುಡಿದು ಸಂಪಾದಿಸಿದ ಒಂದೇ ಒಂದು ಬಾಗಿಲು ಕಲ್ಲವ್ವನದು. ನನ್ನನ್ನು ಕಂಡ ಕೂಡಲೇ "ಬರ್ರಿ, ಕುಂದರ್ರಿ" ಎಂದು ಮಣೆ ಸರಿಸುವ ಒಂದೇ ಅಂಗಳ. ಅದನ್ನು ನಾನೇ ಮುಚ್ಚಿಸಿಕೊಂಡಿದ್ದೆ, ತೆರೆಸಬೇಕಾದವಳೂ ನಾನೇ. ಕ್ಷಮೆ ಕೇಳಿದರೆ ಕಲ್ಲವ್ವ ಚಹಾ ಕೊಟ್ಟು ಕಳಿಸುತ್ತಿದ್ದರು, ಮಡಕೆ ಕೊಡುತ್ತಿರಲಿಲ್ಲ. ಬದಲಾಗಬೇಕಾದದ್ದು ಹಣ ಬರುವ ಹೊತ್ತು.

ಮರುದಿನದಿಂದ ಗೇಟ್‌ವೇ ಕಂಪನಿಗಳಿಗೆ ಫೋನು ಮಾಡತೊಡಗಿದೆ. ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆ ಬರೆದುಕೊಂಡಿದ್ದೆ: ನಾನು ಹೇಳುವವರೆಗೆ ಹಣ ತರದೆ ಇರುತ್ತೀರಾ?

ಒಬ್ಬ ಮಾರಾಟದ ಹುಡುಗನಿಗೆ ಇದು ಅರ್ಥವೇ ಆಗಲಿಲ್ಲ. "ಮೇಡಂ, ಎಲ್ಲರೂ ಬೇಗ ಬೇಕು ಅಂತ ಜಗಳ ಆಡ್ತಾರೆ. ನೀವು ಲೇಟಾಗಿ ಬೇಕು ಅಂತೀರ. ಏನು ಬಿಸಿನೆಸ್ ನಿಮ್ಮದು?"

"ಮಡಕೆ."

"ಚೀಟಿ ಥರ ಏನಾದ್ರೂ ಸ್ಕೀಮಾ?"

ಇನ್ನೊಂದು ಕಂಪನಿಯಲ್ಲಿ ಆ ಸೌಲಭ್ಯವಿತ್ತು, ದೊಡ್ಡ ಹೋಟೆಲುಗಳಿಗೆ ಮಾತ್ರ. ಮೂರನೆಯದರಲ್ಲಿ ನನ್ನಂಥವರಿಗೂ ಇತ್ತು. ಅಲ್ಲಿನ ಹೆಣ್ಣುಮಗಳು ಹೇಳಿದ್ದನ್ನು ಬರೆದುಕೊಂಡು ಹೋಗಿ ಬಸಲಿಂಗಪ್ಪ ಕಾಕಾಗೆ ತೋರಿಸಿದೆ. ಅವರು ಮೆಟ್ಟಿಲ ಮೇಲೆ ಕುಳಿತು ಎರಡು ಸಲ ಓದಿದರು.

"ತಿಳೀತು ತಂಗಿ. ಗಿರಾಕಿ ಕಾರ್ಡ್ ಹಾಕಿದ ಕೂಡ್ಲೆ ಬ್ಯಾಂಕಿನ್ಯಾಗ ಅಷ್ಟ ರೊಕ್ಕಕ್ಕ ಕೀಲಿ ಬೀಳ್ತೈತಿ. ಅವರ ಕಡೆನ ಇರ್ತೈತಿ, ಆದ್ರ ಅವರು ಖರ್ಚ ಮಾಡಂಗಿಲ್ಲ, ನೀ ಮುಟ್ಟಂಗಿಲ್ಲ. ಐದ ದಿನದಾಗ ನೀ ತಗೋತೀನಿ ಅಂದ್ರ ನಿನ್ನ ಕಡೆ ಬರ್ತೈತಿ. ಸುಮ್ಮನಿದ್ರ ಕೀಲಿ ತಾನ ಬಿಚ್ಚತೈತಿ."

"ಬಿಚ್ಚಿದರೆ ಕಮಿಷನ್ನು?"

"ಬರಲಾರದ ರೊಕ್ಕಕ್ಕ ಎಂಥಾ ಕಮಿಷನ್?"

ತೊಂದರೆಗಳೂ ಇದ್ದವು. ಈ ಕಂಪನಿ ನೂರಕ್ಕೆ ಮುರಿದುಕೊಳ್ಳುವುದು ಹೆಚ್ಚು. ಫೋನಿನಿಂದ ನೇರ ಕಳಿಸುವ ಹಣಕ್ಕೆ ಹೀಗೆ ಕೀಲಿ ಹಾಕಲು ಬರುವುದಿಲ್ಲ, ಅದು ಒತ್ತಿದ ಕೂಡಲೇ ಹೊರಟುಬಿಡುತ್ತದೆ. ಅಂದರೆ ಕಾರ್ಡು ಇದ್ದವರಷ್ಟೇ ನನ್ನ ಗಿರಾಕಿಗಳು. ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಫೋನಿನಿಂದಲೇ ಕೊಡುವವರು. ಜೊತೆಗೆ ಐದೇ ದಿನ. ಭಟ್ಟಿಗೆ ಮಡಕೆ ಜೋಡಿಸಲು ಒಂದು ದಿನ, ಸುಡಲು ಒಂದು, ತಣಿಯಲು ಎರಡು. ನಾಲ್ಕನೇ ದಿನ ತೆಗೆಯಬಹುದು. ಆದ್ದರಿಂದ ಜಾಲತಾಣದಲ್ಲಿ ಮೊದಲು ಹೆಸರು ಮಾತ್ರ ಬರೆಸುವುದು, ಮಡಕೆ ಜೋಡಿಸುವ ದಿನ ಬೆಳಿಗ್ಗೆ ಕಾರ್ಡಿನ ಕೊಂಡಿ ಕಳಿಸುವುದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಹಳೆಯ ಕಂಪನಿಯ ಖಾತೆ ಮುಚ್ಚಿದೆ. ಕೈಯಲ್ಲಿದ್ದ ಗಿರಾಕಿಗಳ ಹಣವನ್ನೆಲ್ಲ ವಾಪಸ್ ಮಾಡಿದೆ. ಮುರಿದುಕೊಂಡದ್ದು ನನ್ನ ಕೈಯಿಂದ ಹೋಯಿತು. ನಿಯಮಗಳ ಪುಟವನ್ನು ಅಳಿಸಿ ಸ್ವಂತ ಮಾತಿನಲ್ಲಿ ಬರೆದೆ. ಮೂರೇ ಸಾಲು ಆಯಿತು.

ಕಲ್ಲವ್ವನ ಬಳಿ ಮೂರು ಸಲ ಹೋದೆ. ಮೊದಲ ಸಲ ಚಹಾ ಕೊಟ್ಟರು. ಎರಡನೇ ಸಲ ಚಹಾ ಕೊಟ್ಟು, ಮೈದುನನನ್ನು ಕರೆದು ಮರಾಠಿಯಲ್ಲಿ ಏನೋ ಹೇಳಿ ಒಳಗೆ ಹೋದರು. ಮೂರನೇ ಸಲ ನನ್ನ ಗಂಡನ ಕಾರ್ಡು, ಅವನ ಫೋನು ತೆಗೆದುಕೊಂಡು ಹೋಗಿ ಮಣೆಯ ಮೇಲೆ ಕುಳಿತು, ನನ್ನ ಅಂಗಡಿಯಲ್ಲೇ ನಾನು ಒಂದು ಮಡಕೆ ಕೊಂಡೆ. ಬ್ಯಾಂಕಿನ ಸಂದೇಶ ಬಂತು. ಕಲ್ಲವ್ವನಿಗೆ ಓದಿ ಹೇಳಿದೆ.

"ಈಗ ರೊಕ್ಕ ಯಾರ ಕಡೆ ಐತಿ?"

"ನಮ್ಮ ಮನೆಯವರ ಕಡೆ. ಕೀಲಿ ಬಿದ್ದಿದೆ."

"ಕೀಲಿ ತಗೀರಿ ನೋಡೂಣು."

ಬಿಡು ಎಂಬ ಗುಂಡಿ ಒತ್ತಿದೆ. ಕೀಲಿ ಬಿಚ್ಚಿದೆ ಎಂದು ಇನ್ನೊಂದು ಸಂದೇಶ ಬರಲು ಹೊತ್ತು ಹಿಡಿಯಿತು. ಅಷ್ಟು ಹೊತ್ತು ಕಲ್ಲವ್ವ ಕೆಲಸ ಬಿಟ್ಟು ಆ ಫೋನನ್ನೇ ನೋಡುತ್ತ ಕುಳಿತರು. ಸಂದೇಶ ಬಂದ ಮೇಲೆ ಇನ್ನೊಮ್ಮೆ ಮಾಡಿಸಿದರು.

"ನಿಮ್ಮ ಯಜಮಾನ್ರು ಒಳ್ಳೇವ್ರ ಅದಾರ ಬಿಡ್ರಿ, ಕಾರ್ಡ್ ಕೊಟ್ಟು ಸುಮ್ಮ ಕುಂತಾರ," ಅಂದರು. ಆಮೇಲೆ, "ಒಂದ ಭಟ್ಟಿ. ನೋಡೂಣು."

ಹದಿನಾಲ್ಕು ಜನ ಕಾರ್ಡು ಹಾಕಿದರು. ಒಡೆಯುವುದಕ್ಕೆಂದು ಹೆಚ್ಚು ಸೇರಿಸಿ ಹದಿನೇಳು ಮಡಕೆ ಜೋಡಿಸಿದೆವು. ನಾಲ್ಕನೇ ದಿನ ಭಟ್ಟಿ ತೆಗೆದಾಗ ಕಲ್ಲವ್ವ ಬೂದಿ ಸರಿಸುತ್ತ ಒಂದೊಂದನ್ನೇ ಎತ್ತಿ ಬಾರಿಸಿದರು. ಗಟ್ಟಿಯಾದ ಪ್ರತಿಯೊಂದರ ದನಿಯನ್ನು ಫೋನಿನಲ್ಲಿ ಹಿಡಿದು ಅದರ ಗಿರಾಕಿಗೆ ಕಳಿಸಿದೆ. ಆಮೇಲೆ ಹಣ ಪಡೆ ಎಂದು ಒತ್ತಿದೆ. ಬಳ್ಳಾರಿಯ ಒಬ್ಬರು, ನಿಮ್ಮ ಮಡಕೆ ನಮ್ಮ ಮನೆಯ ಕರೆಗಂಟೆಗಿಂತ ಚೆನ್ನಾಗಿದೆ ಎಂದು ಬರೆದರು. ಎಡಗಡೆ ನಾಲ್ಕು ಸೇರಿದವು. ಬಲಗಡೆ ಹದಿಮೂರು.

ಮತ್ತೆ ಒಂದು ಕಮ್ಮಿ. ಎಡಗಡೆಯ ನಾಲ್ಕರಲ್ಲಿ ಒಂದರ ಬಿರುಕು ತೀರ ಸಣ್ಣದು, ನನಗೆ ಕಾಣಿಸಲೇ ಇಲ್ಲ. ಈ ಸಲ ಖರೇ ಕಾಣಿಸಲಿಲ್ಲ. ಕಲ್ಲವ್ವ ಅದನ್ನು ಎತ್ತಿ ನನ್ನ ಕಡೆ ಚಾಚಿದರು.

"ನಿಮ್ಮ ಅಡಗಿಮನಿಗೆ ಬೇಕೇನು?"

ಬೇಡ ಅಂದೆ. ಹದಿನಾಲ್ಕನೆಯವರ ಹೆಸರಿನ ಮುಂದೆ ಬಿಡು ಎಂದು ಒತ್ತಿದೆ, ಮುಂದಿನ ಭಟ್ಟಿಗೆ ಮೊದಲ ಮಡಕೆ ನಿಮ್ಮದು ಎಂದು ಬರೆದೆ. ಕಲ್ಲವ್ವ ಕೈಯಲ್ಲಿದ್ದುದನ್ನು ನೆಲಕ್ಕೆ ಕುಕ್ಕಿ ಒಡೆದರು. ಒಡೆದಾಗ ಬಿರುಕು ಹೋದ ದಾರಿ ಕಪ್ಪಗೆ ಕಾಣಿಸಿತು.

"ಮುಂದಿನ ಭಟ್ಟಿಗೆ ಎಷ್ಟ ಮಂದಿ?" ಅಂದರು.

ಅಂಗಳ ನನಗೆ ಮರಳಿ ಸಿಕ್ಕಿತು. ಗೆದ್ದೆ ಎಂದೇ ಅಂದುಕೊಂಡು ಆ ವಾರವೆಲ್ಲ ಓಡಾಡಿದೆ. ಮುಳಬಾಗಿಲಿನಿಂದ ಅಕ್ಕ ಫೋನು ಮಾಡಿದ್ದು ಆಗಲೇ. ಅಕ್ಕನ ಗಂಡನ ಮನೆಯಲ್ಲಿ ಗೃಹಪ್ರವೇಶ, ಬಂದವರಿಗೆ ಕೊಡಲು ಆರು ಮಡಕೆ ಬೇಕು. ಮಾತು ಮುಗಿಯುವ ಮೊದಲೇ ಹಣ ನನ್ನ ಖಾತೆಗೆ ಬಂದಿತ್ತು. ಫೋನಿನಿಂದ ನೇರವಾಗಿ, ಪೂರ್ತಿ, ಮೇಲೆ ಒಂದು ರೂಪಾಯಿ ಸೇರಿಸಿ. ಕೈ ಯೋಚಿಸಲಿಲ್ಲ, ವಾಪಸ್ ಕಳಿಸಿದೆ.

"ಏನೇ, ದುಡ್ಡು ವಾಪಸ್ ಬಂದೈತೆ?"

"ಭಟ್ಟಿ ತೆಗೆದ ಮೇಲೆ ತಗೋತೀನಿ ಅಕ್ಕ. ಇಲ್ಲಿ ಹಂಗೆ."

"ಇಲ್ಲಿ ಅಂದ್ರೆ? ನಾನು ಕಳ್ಸಿದ್ದು ನಿನಗೆ. ಶುಭಕಾರ್ಯಕ್ಕೆ ಅಂತ ಕೊಟ್ಟಿದ್ದನ್ನ ತಿರುಗಿಸ್ಬಿಟ್ಟಲ್ಲ. ಆಯ್ತು ಬಿಡಮ್ಮ. ಅಲ್ಲಿಯವಳಾಗ್ಬಿಟ್ಟೆ ನೀನು," ಅಂದಳು. ಇಟ್ಟುಬಿಟ್ಟಳು.

ಮರುದಿನ ಖಾನಾಪುರಕ್ಕೆ ಹೋಗಿ ಇದನ್ನು ಕಲ್ಲವ್ವನಿಗೆ ಹೇಳಿದೆ. ಮೆಚ್ಚಿಗೆ ಬರುತ್ತದೆಂದು ಹೇಳಿದೆ, ಅದನ್ನೇಕೆ ಮುಚ್ಚಿಡಲಿ. ಮಣ್ಣು ನಾದುತ್ತಿದ್ದವರು ಕೈ ನಿಲ್ಲಿಸಿ ತಲೆಯೆತ್ತಿದರು.

"ಒಡಹುಟ್ಟಿದಾಕಿ ರೊಕ್ಕ ತಿರುಗಿ ಕಳಿಸಿದ್ರಿ?"

"ಭಟ್ಟಿ ತೆಗೆದಿಲ್ಲವಲ್ಲ."

"ಅಕ್ಕ ಗಿರಾಕಿ ಏನ್ರಿ? ಆಕಿಗೆ ಗಡಗಿ ಮಾರತಾರೇನು? ಆಕಿ ಕೊಟ್ಟಿದ್ದು ಇಟ್ಕೋಬೇಕು, ಗಡಗಿ ಹಂಗ ಕೊಡಬೇಕು. ಅಷ್ಟೂ ತಿಳಿಯಂಗಿಲ್ಲೇನ್ರಿ ನಿಮ್ಮ ಕಡೆ ಮಂದಿಗೆ?"

ನಮ್ಮ ಕಡೆಯ ಮಂದಿಗೆ ತಿಳಿಯುತ್ತದೆ, ನಾನು ಕಲಿತದ್ದು ನಿಮ್ಮಿಂದ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಲ್ಲವ್ವ ಮೈದುನನಿಗೆ ಆರು ಹೆಚ್ಚು ಮಾಡಲು ಹೇಳಿ, ಮಣ್ಣು ಮೆತ್ತಿದ ಗದ್ದದಿಂದ ನನ್ನ ಪರ್ಸಿನ ಕಡೆ ತೋರಿಸಿದರು. ಫೋನು ತೆಗೆದು ಅಕ್ಕನಿಗೆ ಮಾಡಿ ಎಂಬಂತೆ.

ಅಕ್ಕನ ಫೋನು ಪೂರ್ತಿ ರಿಂಗಾಗಿ 'ಕರೆ ಸ್ವೀಕರಿಸುತ್ತಿಲ್ಲ' ಅಂದಿತು. ಇನ್ನೊಂದು ಸಲ ಮಾಡಿದೆ, ಅದೇ. ಕಲ್ಲವ್ವ ನಾದುತ್ತಲೇ ಇದ್ದರು. ಮೊದಲು ಏನನ್ನಬೇಕು, ಅದನ್ನು ಯಾವ ಊರಿನ ಮಾತಿನಲ್ಲಿ ಅನ್ನಬೇಕು ಎಂದು ಇನ್ನೂ ಗೊತ್ತಾಗದೆಯೇ, ಮೂರನೇ ಸಲ ಒತ್ತಿದೆ.